ಕೊನೆಯ ಬೋಲ್ಟ್

ನೌಕಾದಳದ ಆ ವರ್ಕ್‌ಶಾಪಿನಲ್ಲಿ ಯಾವ ಕೆಲಸವೇ ಆಗಲಿ, ಕೊನೆಯ ಬೋಲ್ಟನ್ನು ಮೇಷ್ಟ್ರಿಗೆಂದೇ ಬಿಡುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿದ್ದಲ್ಲ. ಉಳಿದೆಲ್ಲವನ್ನೂ ಬಿಗಿ ಮಾಡಿ, ಒಂದನ್ನು ಮಾತ್ರ ಬೆರಳಲ್ಲಿ ತಿರುಗುವಷ್ಟು ಸಡಿಲ ಉಳಿಸಿ, ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿ ಅವರ ಕೈಗೆ ಕೊಡುತ್ತಿದ್ದರು. ಮೇಷ್ಟ್ರು ಅದನ್ನು ಬಿಗಿ ಮಾಡಿ ಮೇಲೊಮ್ಮೆ ತಟ್ಟಿದರೆ ಕೆಲಸ ಮುಗಿದಂತೆ. ಬಂದ ಹೊಸದರಲ್ಲಿ ಅವರಿಗೆ ಇದು ಮುಜುಗರವಾಗಿತ್ತು. ಆಮೇಲೆ ಅಭ್ಯಾಸವಾಯಿತು. ಆಮೇಲೆ, ನಿಜ ಹೇಳಬೇಕೆಂದರೆ, ಹಿತವಾಗತೊಡಗಿತು.

ಅವರು ತಮ್ಮ ದೇಶದ ನೌಕಾದಳದಲ್ಲಿ ಎಂಜಿನ್ನುಗಳ ನಡುವೆ ತಲೆ ನೆರೆಸಿಕೊಂಡು ನಿವೃತ್ತರಾದವರು. ಆ ದೇಶ ತೀರ ದೊಡ್ಡದಲ್ಲ, ಸಣ್ಣದೂ ಅಲ್ಲ. ನೆರೆಯ ಈ ಪುಟ್ಟ ದ್ವೀಪದೇಶಕ್ಕೆ ಎರಡು ಕಾವಲು ದೋಣಿಗಳನ್ನು ಕೊಟ್ಟಾಗ, ಅವುಗಳ ಜೊತೆಗೆ ಕೆಲಸ ಕಲಿಸಲು ಮೇಷ್ಟ್ರನ್ನೂ ಕಳಿಸಿತ್ತು. ಹೊರಗಿನ ಟ್ರಾಲರುಗಳು ಹಾಡಹಗಲೇ ಬಂದು ಇಲ್ಲಿಯ ಮೀನು ಬಳಿದುಕೊಂಡು ಹೋಗುತ್ತಿದ್ದವು. ಅವನ್ನು ಅಟ್ಟಲು ದೋಣಿ ಬೇಕು, ದೋಣಿ ಓಡಿಸಿ ರಿಪೇರಿ ಮಾಡಿಕೊಳ್ಳುವ ಕೈಗಳೂ ಬೇಕು.

ದೋಣಿ ಮಾತ್ರ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ಸಾಕ್ಷಿ ದೋಣಿ ಕಟ್ಟುವ ಕಟ್ಟೆಯ ಪಕ್ಕದಲ್ಲೇ ನಿಂತಿತ್ತು. ಹಿಂದೆ ಒಂದು ಭಾರೀ ದೇಶ ಕೊಟ್ಟುಹೋದ ಬೂದು ಹಡಗು. ಒಂದು ಪಂಪು ಕೆಟ್ಟದ್ದೇ ನೆಪ, ಬಿಡಿಭಾಗ ಬರಲಿಲ್ಲ, ಬಂದರೂ ಕೂರಿಸುವವರಿರಲಿಲ್ಲ. ಈಗ ಅದರ ತುಂಬ ಹಕ್ಕಿಗಳ ಸಂಸಾರ. ವರ್ಕ್‌ಶಾಪಿನವರು ಅದಕ್ಕೆ 'ದೊಡ್ಡತ್ತೆ' ಎಂದು ಹೆಸರಿಟ್ಟಿದ್ದರು: ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವಳು, ಎದ್ದೇಳುವ ಲಕ್ಷಣವೇ ಇಲ್ಲ.

ಆ ವಾರ ಎರಡನೆಯ ದೋಣಿಯನ್ನು ದಡಕ್ಕೆಳೆದು, ಎಂಜಿನ್ನಿನಿಂದ ಪ್ರೊಪೆಲರಿಗೆ ಹೋಗುವ ಶಾಫ್ಟನ್ನು ಹೊಸದಾಗಿ ಕೂರಿಸುತ್ತಿದ್ದರು. ಇಲ್ಲಿಯ ನೌಕಾದಳದ ಕ್ಯಾಪ್ಟನ್ ಬಂದು ಮೇಷ್ಟ್ರನ್ನು ಪಕ್ಕಕ್ಕೆ ಕರೆದ.

"ಮೇಷ್ಟ್ರೇ, ಇನ್ನೊಂದು ವರ್ಷ ಇದ್ದುಬಿಡಿ. ನಿಮ್ಮ ದೇಶದ ಕಚೇರಿಯವರೂ ಖುಷಿಯಾಗಿದ್ದಾರೆ. ನೀವು ಹೂಂ ಅಂದ್ರೆ ಸಾಕು."

ಖುಷಿಯಾಗದೆ ಇರುತ್ತಾರೆಯೇ? ಮೇಷ್ಟ್ರು ಇಲ್ಲಿ ಇರುವಷ್ಟು ದಿನ ಅವರ ದೇಶದ ಮಾತಿಗೂ ಇಲ್ಲಿ ಒಂದು ಕುರ್ಚಿ ಇರುತ್ತದೆ.

"ನಾಳೆ ದೋಣಿ ಓಡಿಸಿ ನೋಡ್ತೀವಲ್ಲ, ಆಗ ಹೇಳ್ತೀನಿ," ಎಂದರು ಮೇಷ್ಟ್ರು. "ವರ್ಕ್‌ಶಾಪಿನವರೇ ಸಂಭಾಳಿಸಿದ್ರೆ ನಾನು ಯಾಕೆ?"

"ಇವರು ಸಂಭಾಳಿಸದಿದ್ರೆ?"

"ಆಗ ನೋಡೋಣ."

ಆ 'ನೋಡೋಣ'ದಲ್ಲಿ ಒಂದಿಷ್ಟು ಆಸೆಯೂ ಇತ್ತು. ಹೆಂಡತಿ ಫೋನಿನಲ್ಲಿ ಆಗಲೇ ಛೇಡಿಸಿದ್ದಳು: "ಅಲ್ಲಿ ಮೇಷ್ಟ್ರೇ ಮೇಷ್ಟ್ರೇ ಅಂತ ಹಿಂದೆಮುಂದೆ ಸುತ್ತೋರಿದ್ದಾರೆ. ಇಲ್ಲಿಗೆ ಬಂದ್ರೆ, ರೀ ತರಕಾರಿ ತನ್ನಿ ಅಂತೀನಿ. ಹೇಗೆ ಬರ್ತೀರಾ ಪಾಪ!"

ಮಧ್ಯಾಹ್ನ ಕೆಲಸ ಮುಗಿಯಿತು. ವರ್ಕ್‌ಶಾಪಿನ ಮುಖ್ಯಸ್ಥೆ ಎಂಜಿನ್ ಕೋಣೆಯಿಂದ ತಲೆ ಹೊರಹಾಕಿದಳು. ಎಲ್ಲರೂ ಆಕೆಯನ್ನು 'ಯಜಮಾನಿ' ಎನ್ನುತ್ತಿದ್ದರು. ಮೀನುಗಾರರ ಎಂಜಿನ್ ರಿಪೇರಿ ಮಾಡುತ್ತಿದ್ದ ಅಪ್ಪನ ಶೆಡ್ಡಿನಲ್ಲೇ ಬೆಳೆದವಳು, ಕಾಲೇಜೂ ಓದಿದವಳು. ಅವಳ ಹಿಂದೆ 'ಮೌನಿ'. ಬಾಯಿ ಮುಚ್ಚಿದ್ದನ್ನು ಯಾರೂ ನೋಡದ ಕಾರಣ ಅವನಿಗೆ ಆ ಹೆಸರು.

ಯಜಮಾನಿ ಸ್ಪ್ಯಾನರ್ ಒರೆಸಿ ಚಾಚಿದಳು. ಶಾಫ್ಟನ್ನು ಎಂಜಿನ್ನಿಗೆ ಜೋಡಿಸುವ ಕಪ್ಲಿಂಗಿನಲ್ಲಿ ಒಂದೇ ಬೋಲ್ಟು ಉಳಿದಿತ್ತು.

ಮೇಷ್ಟ್ರು ಕೈ ಚಾಚಲಿಲ್ಲ. "ಇವತ್ತು ನಾನು ಮುಟ್ಟೋದಿಲ್ಲ."

"ಯಾಕೆ ಮೇಷ್ಟ್ರೇ, ಕೋಪಾನಾ?"

"ಕೋಪ ಏನಿಲ್ಲ ತಾಯಿ. ಕೊನೇದೂ ನಿಂದೇ."

"ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದ ಮೌನಿ. ಯಾರೂ ನಗಲಿಲ್ಲ. ಊಟಕ್ಕೆ ಕರೆದು ಎಲೆ ಹಾಕಿದ ಮೇಲೆ ಅತಿಥಿ ಎದ್ದುಹೋದಂತೆ ಎಲ್ಲರಿಗೂ ಇರುಸುಮುರುಸಾಗಿತ್ತು. ಯಜಮಾನಿ ಚಾಚಿದ ಸ್ಪ್ಯಾನರನ್ನು ಹಿಂದೆಳೆದುಕೊಂಡು, ತಾನೇ ಹೋಗಿ ಬಿಗಿ ಮಾಡಿದಳು. ಸಂಜೆ ದೋಣಿಯನ್ನು ನೀರಿಗಿಳಿಸಿದರು.

ಮರುದಿನ ಬಿಸಿಲೇರಿದ ಮೇಲೆ ದೋಣಿ ಕಟ್ಟೆ ಬಿಟ್ಟಿತು. ದೊಡ್ಡತ್ತೆಯನ್ನು ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ವೇಗ ಹೆಚ್ಚಿಸಿದ್ದೇ ತಡ, ನೆಲಹಾಸು ಕಂಪಿಸತೊಡಗಿತು. ಮೂಲೆಯಲ್ಲಿಟ್ಟಿದ್ದ ಚಹಾ ಲೋಟ ತಾನಾಗಿಯೇ ನಡೆಯುತ್ತ ಮೇಜಿನ ಅಂಚಿಗೆ ಬಂತು.

ಮೇಷ್ಟ್ರಿಗೆ ಕಾರಣ ಆ ಕ್ಷಣವೇ ಹೊಳೆಯಿತು. ದಡದಲ್ಲಿ ಆಸರೆಗಳ ಮೇಲೆ ಕೂತ ದೋಣಿ ಒಂದು ಆಕಾರದಲ್ಲಿರುತ್ತದೆ, ನೀರು ಕೆಳಗಿನಿಂದ ಎತ್ತಿ ಹಿಡಿದಾಗ ಕೂದಲೆಳೆಯಷ್ಟು ಬೇರೆ ಆಕಾರಕ್ಕೆ ಬರುತ್ತದೆ. ಅದಕ್ಕೇ ನೀರಿಗಿಳಿಸಿದ ಮೇಲೆ ಕಪ್ಲಿಂಗನ್ನು ಬಿಚ್ಚಿ, ಎರಡು ಮುಖಗಳ ನಡುವಿನ ಸಂದನ್ನು ಇನ್ನೊಮ್ಮೆ ಅಳೆಯಬೇಕು. ಇದನ್ನು ಮೇಷ್ಟ್ರು ಒಮ್ಮೆಯೂ ತಪ್ಪಿಸಿದವರಲ್ಲ. ಅತಿಥಿಗೃಹದಲ್ಲಿ ನಸುಕಿಗೇ ಎಚ್ಚರವಾಗುತ್ತಿತ್ತು, ಮಾತಾಡಲು ಯಾರೂ ಇರುತ್ತಿರಲಿಲ್ಲ. ಯಾರೂ ಬರುವ ಮೊದಲೇ ದೋಣಿಗೆ ಹೋಗಿ ಆ ಸಣ್ಣ ಕೆಲಸ ಮುಗಿಸಿಡುತ್ತಿದ್ದರು. ಪಾಪ, ಅವರಿಗೇಕೆ ತೊಂದರೆ ಎಂದು. ಇವತ್ತು, ಕೈ ಹಾಕಬಾರದೆಂದು ಹಟ ಹಿಡಿದು, ಹೋಗಿರಲಿಲ್ಲ.

ವರ್ಕ್‌ಶಾಪಿನವರು ಮರ್ಯಾದೆಯಿಂದ ಬೋಲ್ಟು ಬಿಟ್ಟಿದ್ದರು. ತಾವು ಅಕ್ಕರೆಯಿಂದ ಪಾಠವನ್ನೇ ನುಂಗಿದ್ದರು.

"ಹೇಳಿ ಮೇಷ್ಟ್ರೇ," ಎಂದ ಕ್ಯಾಪ್ಟನ್. ಅವನ ದನಿಯಲ್ಲಿ 'ನಾನು ಹೇಳಿರಲಿಲ್ಲವೇ' ಎನ್ನುವುದೂ ಸೇರಿತ್ತು. ಎಲ್ಲರ ಕಣ್ಣೂ ಇತ್ತಲೇ. ಒಂದು ಮಾತು ಹೇಳಿದರೆ ದೋಣಿ ಸರಿಹೋಗುತ್ತಿತ್ತು, ಇನ್ನೊಂದು ವರ್ಷವೂ ಗಟ್ಟಿಯಾಗುತ್ತಿತ್ತು. ಹೇಳದಿದ್ದರೆ ಕಲಿಸದ ಪಾಠದಲ್ಲಿ ಪರೀಕ್ಷೆ ಇಟ್ಟಂತೆ. ಅಪಾಯದ ಕಂಪನವಲ್ಲ, ಇನ್ನೂ ಸ್ವಲ್ಪ ಕಾಯಬಹುದು. ಮೇಷ್ಟ್ರು ಎರಡೂ ಕೈಗಳನ್ನು ತೊಡೆಯಡಿ ಸೇರಿಸಿ ಕೂತರು.

"ನಾನು ಇವತ್ತು ಪ್ಯಾಸೆಂಜರ್," ಎಂದರು.

ಯಜಮಾನಿ ವೇಗ ಇಳಿಸಲು ಹೇಳಿ ಎಂಜಿನ್ ಕೋಣೆಗಿಳಿದಳು. ಬೇರಿಂಗಿನ ಮೇಲೆ ಅಂಗೈಯಿಟ್ಟು ಶಾಖ ನೋಡಿದಳು. ಬೋಲ್ಟುಗಳನ್ನು ನೋಡಿದಳು. ಮೇಲೆ ಬಂದು ಮೇಷ್ಟ್ರೆದುರು ನಿಂತಳು.

"ಬೋಲ್ಟು ಎಲ್ಲ ಬಿಗಿ ಇವೆ. ನಿನ್ನೆ ಅಳತೆ ನಾನೇ ತೆಗೆದಿದ್ದು, ನೀವೂ ನೋಡಿದ್ರಿ, ಸರಿ ಇತ್ತು. ಮೊದಲನೇ ದೋಣಿಗೂ ಹೀಗೇ ಮಾಡಿದ್ವಿ, ಅದು ನಡುಗಲಿಲ್ಲ. ಇದು ನಡುಗುತ್ತೆ. ಹಾಗಾದ್ರೆ ಏನು ಬದಲಾಯ್ತು?"

ಮೇಷ್ಟ್ರ ಕೈ ತೊಡೆಯಡಿಯಿಂದ ಹೊರಬರಲಿಲ್ಲ.

"ಒಂದೇ ಬದಲಾಗಿದ್ದು," ಎಂದಳು ಆಕೆ ನಿಧಾನವಾಗಿ. "ಇವತ್ತು ನೀವು ಬೆಳಗ್ಗೆ ಬರಲಿಲ್ಲ. ಮೊದಲನೇ ದೋಣಿ ನೀರಿಗಿಳಿಸಿದ ಮರುದಿನ ನಾವು ಬಂದಾಗ, ಸಂದು ಅಳೆಯೋ ಫೀಲರ್ ಗೇಜು ಕಪ್ಲಿಂಗ್ ಪಕ್ಕ ಬಿದ್ದಿತ್ತು. ಮರೆತಿದ್ದೀರಿ ಅಂದ್ಕೊಂಡು ನಾನೇ ಎತ್ತಿಟ್ಟೆ. ಬೆಳಗ್ಗೆ ಬೇಗ ಬಂದು ಏನು ಮಾಡ್ತಿದ್ರಿ ಮೇಷ್ಟ್ರೇ?"

ಕೇಳಿದವರಿಗೆ ಮೇಷ್ಟ್ರು ಸುಳ್ಳು ಹೇಳುವವರಲ್ಲ. "ಅಳೀತಿದ್ದೆ," ಎಂದರು. "ಇನ್ನೊಂದ್ಸಲ. ನಿಮಗೆ ಹೇಳದೆ. ತಪ್ಪು ನಂದು."

ಯಜಮಾನಿ ದಡದಲ್ಲಿದ್ದ ಖಾಲಿ ಆಸರೆಗಳತ್ತ ನೋಡಿದಳು, ನೀರನ್ನು ನೋಡಿದಳು. "ಅಪ್ಪನ ದೋಣಿ ದಡದಲ್ಲಿದ್ರೆ ಕ್ಯಾಬಿನ್ ಬಾಗಿಲು ಹಾಕೋಕೇ ಆಗ್ತಿರಲಿಲ್ಲ. ನೀರಿಗೆ ಬಿಟ್ರೆ ಬೆಣ್ಣೆ ಹಾಗೆ ಹಾಕ್ಕೋತಿತ್ತು," ಎಂದಳು. ಮತ್ತೆ ತಿರುಗಿ, "ಕಟ್ಟೆಗೆ ತಿರುಗಿಸಿ. ಎಂಜಿನ್ ನಿಲ್ಲಿಸಿ, ಕಪ್ಲಿಂಗ್ ಬಿಚ್ಚೋಣ. ನೀರಲ್ಲೇ ಅಳೀಬೇಕು."

"ಅಂದ್ರೆ ಇಷ್ಟು ದಿನ ಮೇಷ್ಟ್ರು ಕದ್ದು ಕೆಲಸ ಮಾಡ್ತಿದ್ರು!" ಎಂದ ಮೌನಿ. "ಟ್ರಾಲರ್ ಹಿಡಿಯೋ ಮೊದಲು ಇವರನ್ನ ಹಿಡೀಬೇಕಿತ್ತು." ಈ ಸಲ ಎಲ್ಲರೂ ನಕ್ಕರು, ಮೇಷ್ಟ್ರೂ.

ಕಟ್ಟೆಗೆ ಕಟ್ಟಿದ ದೋಣಿಯಲ್ಲಿ ಆಕೆ ಫೀಲರ್ ಗೇಜಿನ, ಕಾಗದಕ್ಕಿಂತ ತೆಳುವಾದ ಉಕ್ಕಿನ ಎಲೆಗಳನ್ನು ಸಂದಿನಲ್ಲಿ ತೂರಿಸಿ, ಮೇಲೆ, ಕೆಳಗೆ, ಎರಡು ಪಕ್ಕಕ್ಕೆ ಅಳೆದಳು. ಕೆಳಗೆ ಸಂದು ಹೆಚ್ಚಿತ್ತು. ಎಂಜಿನ್ನಿನ ಕಾಲಡಿ ತೆಳು ತಗಡು ಸೇರಿಸಿ, ಮತ್ತೆ ಅಳೆದು, ತಲೆಯಾಡಿಸಿ, ತಗಡು ಬದಲಿಸಿ, ಇನ್ನೊಮ್ಮೆ ಅಳೆದಳು. ಅವಸರ ಮಾಡಲಿಲ್ಲ. ಮೇಷ್ಟ್ರು ಕಟ್ಟೆಯ ಮೇಲೆ ಕೂತು ದೊಡ್ಡತ್ತೆಯ ಹಕ್ಕಿಗಳನ್ನು ನೋಡಿದರು; ಸ್ಪ್ಯಾನರ್ ಹಿಡಿಯಲು ಅಂಗೈ ತುರಿಸುತ್ತಿತ್ತು.

ಕೊನೆಯ ಬೋಲ್ಟು ಬಂತು. ಅಭ್ಯಾಸಬಲದಿಂದ ಮೌನಿ ಸ್ಪ್ಯಾನರ್ ಒರೆಸಿ ಕಟ್ಟೆಯತ್ತ ಚಾಚಿದ.

"ಎಲ್ಲಿಗೆ ಹೊರಟೆ?" ಎಂದು ಯಜಮಾನಿ ಅದನ್ನು ಕಸಿದುಕೊಂಡು ಬಿಗಿ ಮಾಡಿದಳು.

ಎರಡನೆಯ ಸಲ ದೋಣಿ ದೊಡ್ಡತ್ತೆಯನ್ನು ದಾಟಿ ತೆರೆದ ಕಡಲಿಗೆ ಹೋಯಿತು. ಪೂರ್ತಿ ವೇಗದಲ್ಲೂ ಚಹಾ ಲೋಟ ಇಟ್ಟಲ್ಲೇ ಇತ್ತು. ಕ್ಯಾಪ್ಟನ್ ಮೇಷ್ಟ್ರ ಪಕ್ಕ ಬಂದು ನಿಂತ. ಕೇಳಲೋ ಬೇಡವೋ ಎನ್ನುವಂತೆ ಒಮ್ಮೆ ಕೆಮ್ಮಿದ.

"ಬೇಡ ಕ್ಯಾಪ್ಟನ್," ಎಂದರು ಮೇಷ್ಟ್ರು. "ನಾನಿದ್ರೆ ಮತ್ತೆ ಬೆಳಗ್ಗೆ ಬೇಗ ಎದ್ದುಬಿಡ್ತೀನಿ."

ದಡಕ್ಕೆ ಬಂದ ಮೇಲೆ ಹೆಂಡತಿಗೆ ಫೋನು ಮಾಡಿದರು.

"ನೋಡು, ತರಕಾರಿ ಚೀಲ ಎಲ್ಲಿಟ್ಟಿದ್ದೀಯ, ಹುಡುಕಿಡು."