ಬಳೆ ತೆಗೆದ ಕೈ

ಮೊಣಕೈವರೆಗೆ ಸಾಬೂನು ಹಚ್ಚಿ ನೀಲಗಂಗಾ ಕೊನೆಯ ಹಸಿರು ಬಳೆಯನ್ನು ಜಾರಿಸಿದ್ದೇ ತಡ, ತುಳಜಾಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ಬರಿಗೈಲೆ ನಮ್ಮ ಸೊಸಿಗಿ ಮುಟ್ಟಬ್ಯಾಡ್ರಿ, ನರ್ಸಬಾಯಿ. ಗಂಡ ಇದ್ದ ಹೆಣ್ಮಗಳು ನೀವು. ಚೊಚ್ಚಲ ಹೆರಿಗಿ ಅದ, ಅಪಶಕುನ ಮಾಡಬ್ಯಾಡ್ರಿ."

ಕರಜಗಿಗೆ ನರ್ಸಾಗಿ ಬಂದಾಗಿನಿಂದ ನೀಲಗಂಗಾ ಈ ಮಾತಿಗೆ ತಲೆಬಾಗಿಯೇ ನಡೆದಿದ್ದಳು. ಸೊಲ್ಲಾಪುರದ ವ್ಯಾಪಾರಸ್ಥರ ಮನೆಯ ಮಗಳು. ಮುತ್ತೈದೆಯ ಕೈ ಬರಿದಿರಬಾರದೆಂದು ಅವಳವ್ವನೂ ಹೇಳುತ್ತಿದ್ದಳು. ಹಾಗಾಗಿ ಬಳೆಯ ಮೇಲೆಯೇ ರಬ್ಬರಿನ ಕೈಗವಸು ಎಳೆದುಕೊಳ್ಳುತ್ತಿದ್ದಳು. ಹೋದ ವರ್ಷ, ಎಪ್ಪತ್ನಾಲ್ಕರಲ್ಲಿ, ಒಂದು ಹೆರಿಗೆಯ ನಡುವೆ ಬಳೆ ಒಡೆದು, ಕೈಗವಸು ಹರಿದು, ಗಾಜು ಮಣಿಕಟ್ಟಿಗೆ ನಾಟಿತು. ಗಾಯ ಕೀವಾಗಿ ತೋಳು ಬಾತುಕೊಂಡಿತು. ಕೈಯನ್ನೇ ತೆಗೆಯಬೇಕಾದೀತು ಎಂದರು ಡಾಕ್ಟರು. ಪುಣ್ಯಕ್ಕೆ ಉಳಿಯಿತು. ಕೆಲಸ ಬಿಡೆಂದು ಮನೆಮಂದಿಯೆಲ್ಲ ಗೋಗರೆದರು. ಅವಳು ಕಿವಿಗೆ ಹಾಕಿಕೊಳ್ಳದೆ ಮತ್ತೆ ಕರಜಗಿಯ ಎಸ್‌ಟಿ ಬಸ್ಸು ಹತ್ತಿದಳು.

ಈಗ ಆ ಕಲೆಯನ್ನು ತುಳಜಾಬಾಯಿಯ ಮುಖದೆದುರು ಹಿಡಿದಳು.

"ನೋಡ್ರಿ. ನಿಮ್ಮಂಥವರ ಮಾತು ಕೇಳಿ ಬಳಿ ಇಟ್ಕೊಂಡಿದ್ದಕ್ಕ ಹಿಂಗಾಗ್ಯದ. ಈ ಕೈ ಹೋದ್ರ ನಿಮ್ಮೂರಾಗ ಕೂಸು ಯಾರು ಹಿಡೀತಾರ? ಒಳಗ ಬಿಡ್ತೀರೋ, ಗಾಡಿ ಹೂಡಿ ಅಕ್ಕಲಕೋಟಿ ದವಾಖಾನಿಗಿ ಒಯ್ತೀರೋ?"

"ಅತ್ತಿ, ಅಕಿಗಿ ಬಿಡ್ರಿ!" ಒಳಗಿಂದ ಸೊಸೆ ಕಿರುಚಿದಳು. "ಜೀವ ಹೋಗಾಕತ್ತದ!"

ತುಳಜಾಬಾಯಿ ಗೊಣಗುತ್ತ ಸರಿದಳು.

ಕೈಗೆ ಕೈ ಜೋಡಿಸಲು ಒಬ್ಬರು ಬೇಕಿತ್ತು. ಅಂಗಳದ ಹೆಂಗಸರಲ್ಲಿ ಒಬ್ಬಳೂ ಬಳೆ ತೆಗೆಯಲೊಲ್ಲಳು. ಕುರಿದೊಡ್ಡಿಯ ಹತ್ತಿರ ರೇವಮ್ಮ ಕುಳಿತಿದ್ದಳು. ತುಳಜಾಬಾಯಿಯ ನಾದಿನಿ, ಎಳೆ ವಯಸ್ಸಿಗೇ ಗಂಡ ಸತ್ತು ತವರಿಗೆ ಬಂದವಳು. ಒಳ್ಳೆಯ ಕಾರ್ಯಕ್ಕೆ ಅವಳನ್ನು ಕರೆಯುವ ರೂಢಿ ಆ ಮನೆಯಲ್ಲಿರಲಿಲ್ಲ.

"ರೇವಮ್ಮ, ಕೈ ತೊಳ್ಕೊಂಡು ಒಳಗ ಬರ್ರಿ."

"ನಾನಾ?"

"ನೀವ. ನಿಮ್ಮ ಕೈಯಾಗ ಒಡಿಯೂದು ಏನೂ ಇಲ್ಲ."

ರೇವಮ್ಮ ಅತ್ತಿಗೆಯತ್ತ ಒಮ್ಮೆ ನೋಡಿದಳು. ಆಮೇಲೆ ಸೆರಗು ಬಿಗಿದು ಎದ್ದಳು.

ಹೊತ್ತು ಇಳಿಯುವ ಮೊದಲೇ ಹೆಣ್ಣು ಕೂಸು ಅತ್ತಿತು. ತಾಯಿಯೂ ಗಟ್ಟಿಯಾಗಿದ್ದಳು. ನೀಲಗಂಗಾ ಕೈಗವಸನ್ನು ಕಳಚಿ ಬೆಳಕಿಗೆ ಹಿಡಿದಳು. ಎಲ್ಲೂ ಹರಿದಿರಲಿಲ್ಲ. ಕಲೆ ಬಿದ್ದ ತನ್ನ ಬರಿಗೈ ಅವಳಿಗೇ ಚೆಂದ ಕಂಡಿತು. ಹೆಮ್ಮೆಯಿಂದ ಅವಳ ಎದೆ ಉಬ್ಬಿ ಬಂತು, ಅದನ್ನು ಅಡಗಿಸುವ ಗೋಜಿಗೂ ಅವಳು ಹೋಗಲಿಲ್ಲ.

"ಕೊಡು ಇಲ್ಲಿ, ನನ್ನ ಬಂಗಾರ!" ತುಳಜಾಬಾಯಿ ಕೈ ಚಾಚಿಕೊಂಡು ಒಳಗೆ ನುಗ್ಗಿದಳು.

ಕೂಸು ರೇವಮ್ಮನ ಮಡಿಲಲ್ಲಿತ್ತು. ಅವಳು ಅದನ್ನು ಎದೆಗೊತ್ತಿಕೊಂಡು ಗೋಡೆಯತ್ತ ಸರಿದಳು.

"ಮೊದಲ ಕೈ ತೊಳ್ಕೊಂಡು ಬಾ, ವೈನಿ."

ತುಳಜಾಬಾಯಿ ಬೆಪ್ಪಾಗಿ ನಾದಿನಿಯನ್ನು ನೋಡಿದಳು, ನರ್ಸನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಬಚ್ಚಲಲ್ಲಿ ನೀರು ಸುರಿಯುವ ಸದ್ದು ಕೇಳಿಸಿತು. ರೇವಮ್ಮ ಕೂಸಿನ ಮುಖದಿಂದ ಕಣ್ಣು ಕೀಳಲಿಲ್ಲ.