ಫುರಾಹಾ ಬಡಿಸಿದ ಊಟ

ಕಾಂಗೋದ ಫುರಾಹಾ ತುಮಕೂರಿಗೆ ಬಂದದ್ದು ನರ್ಸಿಂಗ್ ಓದಲು ಎಂದು ಕಾಲೇಜಿನಲ್ಲಿ ಎಲ್ಲರೂ ತಿಳಿದಿದ್ದರು. ಅವಳು ಬಂದದ್ದು ಭೀಮರಾಜನ ಮಾನ ತೆಗೆಯಲು.

ಅವಳು ಹುಟ್ಟುವ ಮೊದಲು ಭೀಮರಾಜ ಅವಳ ಊರಿನಲ್ಲಿ ಶಾಂತಿಪಡೆಯ ಸೈನಿಕನಾಗಿದ್ದ. ಶಿಬಿರದ ಬೇಲಿಯಾಚೆ ಬಾಳೆಹಣ್ಣು ಮಾರುತ್ತಿದ್ದ ಜೋಸೆಫಿನ್‌ಳನ್ನು ಮದುವೆಯಾಗುತ್ತೇನೆಂದು ನಂಬಿಸಿದ. ಅವಳು ಬಸಿರಾದಳೆಂದು ಗೊತ್ತಾದ ಮೇಲೆ ಬೇಲಿಯ ಕಡೆ ತಲೆಯೇ ಹಾಕಲಿಲ್ಲ. ಆಮೇಲೆ ಅವನ ತುಕಡಿ ಇಂಡಿಯಾಕ್ಕೆ ಹಿಂತಿರುಗಿತು. ಜೋಸೆಫಿನ್‌ಳನ್ನು ಮನೆಯವರು ಹೊರಗೆ ಹಾಕಿದರು. ಮಗಳು ಫುರಾಹಾಳ ನಯವಾದ ಕೂದಲನ್ನು ಶಾಲೆಯ ಮಕ್ಕಳು ಎಳೆದು 'ಮುಹಿಂದಿ, ಮುಹಿಂದಿ' ಎಂದು ಕೂಗುತ್ತಿದ್ದರು. ಇಂಡಿಯಾದವಳು ಎಂದರ್ಥ. ತಾಯಿ ಜ್ವರದಿಂದ ಸತ್ತಾಗ ಮಣ್ಣು ಹಾಕಲು ಒಬ್ಬ ನೆಂಟನೂ ಬರಲಿಲ್ಲ. ಫುರಾಹಾ ಒಬ್ಬಳೇ ಗುದ್ದಲಿ ಹಿಡಿದಳು.

ಚರ್ಚಿನವರು ಓದಿಗೆ ಕಳಿಸುತ್ತೇವೆಂದಾಗ ಅವಳು ತುಮಕೂರನ್ನೇ ಕೇಳಿದಳು. ತಾಯಿ ಸಾಯುವ ಮುನ್ನ ಅವನ ಹೆಸರಿನ ಜೊತೆ ಆ ಊರಿನ ಹೆಸರನ್ನೂ ಹೇಳಿದ್ದಳು. ಅಂತರಸನಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಮನೆಯೊಡತಿ ಭದ್ರಮ್ಮನಿಂದ ಕನ್ನಡ ಕಲಿತಳು. ಬೈಗುಳಗಳನ್ನೂ ಬಿಡಲಿಲ್ಲ. ಎದುರು ನಿಂತಾಗ ಭಾಷೆ ಅರ್ಥವಾಗಲಿಲ್ಲವೆಂದು ಅವನು ನುಣುಚಿಕೊಳ್ಳಬಾರದಿತ್ತು.

ಅವನನ್ನು ಹುಡುಕುವುದು ಕಷ್ಟವಾಗಲಿಲ್ಲ. ನಿವೃತ್ತನಾದ ಮೇಲೆ ಗುಬ್ಬಿಯಲ್ಲಿ ಸೇನೆಗೆ, ಪೊಲೀಸಿಗೆ ಸೇರುವವರಿಗೆ ತರಬೇತಿ ಕೇಂದ್ರ ನಡೆಸುತ್ತಿದ್ದ. ಫೇಸ್‌ಬುಕ್ ತುಂಬ ಶಿಸ್ತು, ಮಾನ, ದೇಶ ಎಂಬ ಅವನ ಭಾಷಣಗಳೇ. ಒಂದು ಬೆಳಿಗ್ಗೆ ಅವಳು ನೇರ ಅವನ ಆಫೀಸಿಗೆ ಹೋಗಿ ತಾಯಿಯ ಹೆಸರು ಹೇಳಿದಳು.

ಭೀಮರಾಜ ಬಾಗಿಲು ಮುಚ್ಚಿದ. "ಕ್ಯಾಂಪ್ ಹತ್ರ ಅಂಥೋರು ಬೇಕಾದಷ್ಟು ಜನ ಇದ್ರು. ಯಾರ್ದೋ ಬಸುರಿಗೆ ನನ್ ಹೆಸ್ರು ಕಟ್ಬೇಡ. ಸ್ಟೇಷನ್‌ಗೆ ಒಂದ್ ಫೋನ್ ಹಾಕಿದ್ರೆ ನಿನ್ ವೀಸಾ ಹೋಯ್ತದೆ. ನಡಿ."

ಹೇಳಿದಂತೆ ಫೋನನ್ನೂ ಹಾಕಿದ. ಅದೇ ವಾರ ಪೊಲೀಸರು ಬಂದು ಅವಳ ಪಾಸ್‌ಪೋರ್ಟ್ ತಿರುವಿಹಾಕಿದರು. ಎಲ್ಲ ಸರಿಯಿತ್ತು, ಹೋದರು. ಅಲ್ಲಿಯವರೆಗೆ ಅವನು ಜನರೆದುರು ತಲೆ ತಗ್ಗಿಸಿದರೆ ಸಾಕು ಎಂದುಕೊಂಡಿದ್ದವಳಿಗೆ ಆ ಮೇಲೆ ಅಷ್ಟು ಸಾಕೆನಿಸಲಿಲ್ಲ.

ಅವನ ಹೆಂಡತಿ ಸರ್ವಮಂಗಳ ಇದ್ದದ್ದು ಅಮೃತೂರಿನಲ್ಲಿ, ತನ್ನ ತಂದೆ ಕೊಟ್ಟ ಮನೆಯಲ್ಲಿ. ಫುರಾಹಾ ಬಸ್ಸಿಳಿದು ವಿಚಾರಿಸಿಕೊಂಡು ಹೋದಳು. ಆ ಮನೆಯನ್ನೂ ಒಡೆಯಬೇಕೆಂದೇ ಹೋದಳು. ಸರ್ವಮಂಗಳ ನೀರಿನ ಲೋಟ ಕೊಟ್ಟರು. ಲೋಟ ಹಿಡಿದ ಫುರಾಹಾಳ ಕಿರುಬೆರಳು ಒಳಕ್ಕೆ ಕೊಕ್ಕೆಯಂತೆ ಬಾಗಿದ್ದನ್ನು ಅವರು ನೋಡಿದರು. ತಮ್ಮ ಗಂಡನ ಬೆರಳೂ, ಸತ್ತುಹೋದ ಅತ್ತೆಯ ಬೆರಳೂ ಹಾಗೆಯೇ ಇದ್ದವು.

ಎಲ್ಲವನ್ನೂ ಕೇಳಿದ ಮೇಲೆ ಸರ್ವಮಂಗಳ ಅಳಲಿಲ್ಲ.

"ನಂಗೆ ಮಕ್ಳಾಗ್ಲಿಲ್ಲ ಕಣಮ್ಮ," ಎಂದರು. "ಡಾಕ್ಟ್ರತ್ರ ಇಬ್ರೂ ಹೋಗಣ ಅಂದ್ರೆ, ದೋಷ ನಿಂದೇ, ನನ್ನದಲ್ಲ ಅನ್ನೋದು ಗ್ಯಾರಂಟಿ ಗೊತ್ತು ಅಂತಿದ್ರು. ಆ ಗ್ಯಾರಂಟಿ ಎಲ್ಲಿಂದ ಬಂತು ಅಂತ ಇವತ್ತು ಗೊತ್ತಾಯ್ತು. ಅನಾಥ ಮಗು ತರ್ತೀನಿ ಅಂದೆ. ನನ್ ರಕ್ತ ಅಲ್ದಿದ್ದು ಹೊಸ್ಲು ದಾಟ್ಬಾರ್ದು ಅಂದ್ರು. ಜನರ ಮುಂದೆ ಬಂಜೆ ಅಂದ್ರು." ಸೆರಗಿನಿಂದ ಕತ್ತು ಒರೆಸಿಕೊಂಡರು. "ಈ ಭಾನುವಾರ ಇವ್ರ ಸೆಂಟರ್‌ನಿಂದ ಸೆಲೆಕ್ಟ್ ಆದೋರ ಮನೆಯವ್ರಿಗೆಲ್ಲ ಇಲ್ಲೇ ಊಟ ಇಟ್ಕೊಂಡವ್ರೆ. ಬತ್ತೀಯಾ?"

ಭಾನುವಾರ ನಡುಮನೆಯಲ್ಲಿ ಎಲೆ ಹಾಕಿತ್ತು. ಭೀಮರಾಜ ಪಂಕ್ತಿಯ ನಡುವೆ, ದೊಡ್ಡವರ ಜೊತೆ ಕೂತು ಮುದ್ದೆ ಮುರಿಯುತ್ತಿದ್ದ. ಅಡುಗೆಮನೆಯಿಂದ ಸೀರೆಯುಟ್ಟ ಫುರಾಹಾ ಸಾರಿನ ಬಕೆಟ್ ಹಿಡಿದು ಬಂದಳು. ಬಾಗಿ, ಎಲ್ಲರಿಗೂ ಕೇಳುವಂತೆ ಅಂದಳು:

"ಅಪ್ಪ, ಸಾರು ಬಿಡ್ಲಾ?"

"ಯಾರವ್ವ ಈ ಹುಡ್ಗಿ?" ಎಂದು ಒಬ್ಬ ಮುದುಕ ಕೇಳಿದ.

"ಇವರ ಮಗಳು," ಎಂದರು ಸರ್ವಮಂಗಳ, ಒಬ್ಬಟ್ಟಿನ ತಟ್ಟೆಯನ್ನು ಕೆಳಗಿಡದೆ. "ಕಾಂಗೋದಲ್ಲಿ ಹುಟ್ಟಿಸಿ ಬಂದಿದ್ರು. ಅವರ ರಕ್ತಾನೇ, ಅದಕ್ಕೇ ಹೊಸ್ಲು ದಾಟಿಸ್ದೆ. ಬೇಕಾದ್ರೆ ಇಬ್ಬರ ಕಿರುಬೆರಳೂ ನೋಡ್ಕೊಳ್ಳಿ."

"ಏನ್ಲೇ, ಹುಚ್ಚು ಹಿಡೀತಾ ನಿಂಗೆ?" ಭೀಮರಾಜ ಕೂಗಿದ. ಆದರೆ ಕೂಗುತ್ತಲೇ ಎಂಜಲು ಕೈಯನ್ನು ಮುಷ್ಟಿ ಮಾಡಿಕೊಂಡ. ಬೆರಳು ಮುಚ್ಚಿದ್ದನ್ನು ಎಲ್ಲರೂ ನೋಡಿದರು. ಫುರಾಹಾ ಅವನ ಎಲೆಗೆ ಸಾರು ಬಿಟ್ಟು, ಮುಂದಿನ ಎಲೆಗೆ ಹೋದಳು.

ಆ ಸಂಜೆಯೇ ಸರ್ವಮಂಗಳ ಗಂಡನ ಬಟ್ಟೆಬರೆಯನ್ನು ಜಗುಲಿಗೆ ಹಾಕಿ ಬಾಗಿಲು ಹಾಕಿಕೊಂಡರು. ಭೀಮರಾಜ ಗುಬ್ಬಿಯ ಕೇಂದ್ರದಲ್ಲೇ ಮಲಗತೊಡಗಿದ. ಅಲ್ಲಿ ಪೊಲೀಸ್ ತರಬೇತಿಗೆ ಬರುತ್ತಿದ್ದ ಹುಡುಗಿಯರನ್ನು ಮನೆಯವರು ಬಿಡಿಸಿದರು. ಹುಡುಗರು ಬರುತ್ತಿದ್ದರು, ಆದರೆ ಅವನು ಶಿಸ್ತಿನ ಮಾತೆತ್ತಿದರೆ ಹಿಂದಿನ ಸಾಲಿನಲ್ಲಿ ನಗು ಏಳುತ್ತಿತ್ತು.

ಫುರಾಹಾ ತುಮಕೂರಿನ ಕೋರ್ಟಿನಲ್ಲಿ ದಾವೆ ಹೂಡಿದಾಗ ಅವನು ಅಂತರಸನಹಳ್ಳಿಗೆ ಬಂದು ಕೈಮುಗಿದ.

"ಒಪ್ಕೊಂತೀನಿ ಮಗಳೇ. ಕೋರ್ಟೊಂದು ಬ್ಯಾಡ, ಬುಡು."

"ನಿನ್ನ ಒಪ್ಪಿಗೆ ಯಾರಿಗೆ ಬೇಕು?" ಎಂದಳು ಫುರಾಹಾ. "ನಮ್ಮವ್ವನ್ನ ಅಂಥೋಳು ಅಂದೆ. ಅವಳು ಹೇಳಿದ್ದೇ ನಿಜ ಅಂತ ಜಡ್ಜ್ ಓದ್ಬೇಕು. ನೀನು ನಿಂತ್ಕೊಂಡು ಕೇಳ್ಬೇಕು."

ಡಿಎನ್ಎ ವರದಿ ಬರಲು ತಿಂಗಳುಗಳೇ ಹಿಡಿದವು. ಕೊನೆಗೆ ಒಂದು ದಿನ ನ್ಯಾಯಾಧೀಶರು ಜೋಸೆಫಿನ್ ಎಂಬ ಹೆಸರನ್ನು ತಡವರಿಸಿ ಓದಿ, ಅವಳ ಮಗಳಿಗೆ ಭೀಮರಾಜನೇ ತಂದೆ ಎಂದು ತೀರ್ಪು ಕೊಟ್ಟರು. ಫುರಾಹಾ ಅವನ ಮುಖದಿಂದ ಕಣ್ಣು ಕೀಳಲಿಲ್ಲ. ಹೊರಬರುವಾಗ ಅವನು ಅವಳ ತಲೆ ಮುಟ್ಟಲು ಕೈ ಎತ್ತಿದ. ಅವಳು ಪಕ್ಕಕ್ಕೆ ಸರಿದು ಮೆಟ್ಟಿಲಿಳಿದಳು.

ತೀರ್ಪು ಕೇಳಿ ಮೊದಲೇ ಕೆಳಗಿಳಿದು ಕಾಯುತ್ತಿದ್ದ ಸರ್ವಮಂಗಳ ಕೇಳಿದರು: "ಸಮಾಧಾನ ಆಯ್ತಾ?"

"ಇಲ್ಲ," ಎಂದಳು ಫುರಾಹಾ. "ಇನ್ನೊಂದ್ ಸ್ವಲ್ಪ ಹೊತ್ತು ಅವನು ಅಲ್ಲೇ ನಿಂತಿರ್ಬೇಕಿತ್ತು."

"ನಂಗೂ ಹಂಗೇ ಅನ್ನಿಸ್ತು ಕಣೇ," ಎಂದು ಸರ್ವಮಂಗಳ ಆಟೋ ಕೂಗಿದರು.