ಬೋರ್ಡಿನ ಮುಂದೆ ಹೇಳದೆ ಉಳಿದ ಗಾಯ

ಗಂಡಸು ತನ್ನ ಪಂಚೆಯನ್ನು ತಾನೇ ಒಗೆಯಲು ಶುರು ಮಾಡಿದರೆ ಹೆಂಡತಿಗೆ ಅನುಮಾನ ಬರದೆ ಇರುತ್ತದೆಯೇ? ನನಗೂ ಬಂತು.

ನಾನು ಶಾಂತಾ. ಹುಟ್ಟಿದ್ದು ಹಾಸನದ ಕಡೆ, ಈಗ ಇರುವುದು ಅಹಮದಾಬಾದಿನಲ್ಲಿ. ಯಜಮಾನರ ಹೆಸರು ನಂಜುಂಡ. ಬಾಯಲ್ಲಿ ಹೇಳಬಾರದು, ಅದಕ್ಕೇ ಬರೆದಿದ್ದೇನೆ. ಅರವತ್ತೈದರ ಯುದ್ಧದಲ್ಲಿ ಲಾರಿ ಮಗುಚಿ ಅವರ ಬೆನ್ನಿಗೆ ಪೆಟ್ಟು ಬಿತ್ತು. ಸೈನ್ಯ ಬಿಟ್ಟ ಮೇಲೆ ಇದೇ ಊರಿನ ನರೋಡಾದ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುತ್ತಾರೆ.

ಬೆನ್ನು ನೋವು ಎಂದು ಜಗಲಿಯಲ್ಲಿ ಬೇರೆ ಮಲಗುವುದು, ಬೆಳಗಾಗುವ ಮೊದಲೇ ಎದ್ದು ಬಟ್ಟೆ ಒಗೆಯುವುದು, ಮದುವೆಗೆ ಹೋದರೆ ಬಾಗಿಲ ಪಕ್ಕದಲ್ಲೇ ಕೂರುವುದು. ಗುಜರಾತಿನಲ್ಲಿ ಪಾನನಿಷೇಧ ಇದೆ, ಆದರೆ ಸಿಗುವವರಿಗೆ ಸಿಗುತ್ತದೆ. ಕುಡಿತ ಕಲಿತರೆಂದು ಬಾಯಿ ಮೂಸಿ ನೋಡಿದೆ. ಏನೂ ಇರಲಿಲ್ಲ.

ಮೇ ತಿಂಗಳ ಒಂದು ಸಂಜೆ ಪಕ್ಕದ ಮನೆಯ ಹೇಮಲತಾ ಬಂದಿದ್ದರು. ಧಾರವಾಡದವರು, ಇಲ್ಲಿ ಆಸ್ಪತ್ರೆಯಲ್ಲಿ ನರ್ಸು. ಆ ಸೆಕೆಯಲ್ಲೂ ಯಜಮಾನರು ಪಾನಕ ಬೇಡವೆಂದು ಒಳಗೆ ಹೋದರು.

"ಶಾಂತಕ್ಕ, ಇವರು ನೀರs ಕುಡಿಯೂದಿಲ್ಲಲ್ರೀ. ಮೂತ್ರದ ತ್ರಾಸು ಅದ ಏನು?"

ನನಗೆ ಮೈ ಉರಿಯಿತು. "ನಿಮಗೆ ಯಾರು ಹೇಳಿದ್ರು? ವಠಾರದಲ್ಲಿ ಏನು ಮಾತಾಡ್ತಿದ್ದಾರೆ?"

"ಯಾರೂ ಏನೂ ಅಂದಿಲ್ಲರೀ. ವಾರ್ಡಿನ್ಯಾಗ ದಿನಾ ನೋಡ್ತೀನಿ. ಬೆನ್ನಿನ ನರಕ್ಕ ಪೆಟ್ಟು ಬಿದ್ರ ಮೂತ್ರದ ಹಿಡಿತ ತಪ್ತದ. ಅದೂ ಯುದ್ಧದ ಗಾಯಾನs."

ಯಜಮಾನರು ಹೊರಗೆ ಬಂದರು. ಬೈಯುತ್ತಾರೆ ಅಂದುಕೊಂಡೆ. ತಲೆ ತಗ್ಗಿಸಿ ಕೂತರು.

"ಸೈನ್ಯ ಬಿಡುವಾಗ ಮಿಲಿಟರಿ ಡಾಕ್ಟರುಗಳ ಮೆಡಿಕಲ್ ಬೋರ್ಡಿಗೆ ಹೋದಾಗ ಎರಡು ದಿನ ನೀರು ಮುಟ್ಟಿರಲಿಲ್ಲ, ಸಿಸ್ಟರ್. ಸಾಹೇಬರ ಮುಂದೆ ಮಾನ ಹೋಗಬಾರದಲ್ಲ. 'ಬೇರೆ ಏನಾದರೂ ತೊಂದರೆ?' ಅಂದ್ರು. ಅಟೆನ್ಷನ್‌ನಲ್ಲಿ ನಿಂತು 'ನಹೀ ಸಾಬ್' ಅಂದೆ."

"ಮತ್ತ ಅವರು ಏನಂತ ಬರೀಬೇಕ್ರೀ?"

ಬೋರ್ಡು ಬೆನ್ನು ನೋವೊಂದಕ್ಕೇ ನೂರರಲ್ಲಿ ಹತ್ತು ಅಂಗವೈಕಲ್ಯ ಬರೆದಿತ್ತು. ಇಪ್ಪತ್ತಾದರೂ ಇರದಿದ್ದರೆ ಅಂಗವೈಕಲ್ಯದ ಪಿಂಚಣಿ ಇಲ್ಲ.

"ಮತ್ತೊಮ್ಮೆ ಪರೀಕ್ಷೆ ಮಾಡ್ರಿ ಅಂತ ಅರ್ಜಿ ಹಾಕ್ರಿ," ಎಂದರು ಹೇಮಲತಾ.

"ಕಾರ್ಖಾನೆಗೆ ಗೊತ್ತಾದ್ರೆ? ಇರೋ ಕೆಲಸಾನೂ ಹೋದ್ರೆ?" ಅದು ನನ್ನ ಪ್ರಶ್ನೆ.

"ಆ ಕಾಗದ ಪಿಂಚಣಿ ಕಚೇರಿಗೆ ಹೋಗ್ತದ, ನರೋಡಾಕ್ಕಲ್ಲ. ನೀರು ಬಿಟ್ಟು ಮೂತ್ರಪಿಂಡ ಕೆಟ್ರ ಆವಾಗ ಕೆಲಸಾ ಯಾರು ಮಾಡ್ತಾರ? ಮೊದಲು ಡಾಕ್ಟರಿಗೆ ತೋರಸ್ರಿ. ಎಷ್ಟು ಸಲ ಹೋಗ್ತೀರಿ, ಎಷ್ಟು ಬಟ್ಟೆ ಬದಲಸ್ತೀರಿ, ದಿನಾ ಬರೆದಿಡ್ರಿ."

ಬರೆದಿಟ್ಟವಳು ನಾನೇ. ಹದಿನೈದನೆಯ ದಿನ ಆ ಹಾಳೆ ನೋಡಿ ಅತ್ತುಬಿಟ್ಟೆ. ಈ ಮನುಷ್ಯ ಒಬ್ಬರೇ ಇದನ್ನೆಲ್ಲ ಹೊತ್ತಿದ್ದರು, ನಾನು ಬಾಯಿ ಮೂಸುತ್ತಿದ್ದೆ.

ಡಾಕ್ಟರಿಗೆ ತೋರಿಸಿದೆವು, ಅರ್ಜಿಯನ್ನೂ ಹಾಕಿದೆವು. ಎರಡನೆಯ ಬೋರ್ಡಿಗೆ ನಾನೂ ಜೊತೆಗೆ ಹೋದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ 'ನಹೀ ಸಾಬ್' ಅಂದೇ ಬಿಟ್ಟಿರುತ್ತಾರೆ ಎಂದು ನನಗೆ ಗ್ಯಾರಂಟಿ. ಅವರು ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು.

"ಹೇಳ್ಬಿಟ್ಟೆ ಕಣೇ. ಹಾಳೆನೂ ಕೊಟ್ಟೆ. ಡಾಕ್ಟರು ನಗಲಿಲ್ಲ. 'ಮೊದಲೇ ಯಾಕೆ ಹೇಳಲಿಲ್ಲ?' ಅಂದ್ರು, ಅಷ್ಟೇ."

ನಾಲ್ಕು ತಿಂಗಳಿಗೆ ಇಂಗ್ಲಿಷಿನಲ್ಲಿ ಕಾಗದ ಬಂತು: ನೂರರಲ್ಲಿ ಮೂವತ್ತು, ಪಿಂಚಣಿ ಮಂಜೂರು. ನನಗೆ ನಂಬಿಕೆ ಬರಲಿಲ್ಲ. ಹೇಮಲತಾ ಓದಿದ ಮೇಲೆ ವಠಾರದಲ್ಲೇ ಇರುವ ಬ್ಯಾಂಕಿನ ಹರಿಪ್ರಸಾದರ ಹತ್ತಿರ ಇನ್ನೊಮ್ಮೆ ಓದಿಸಿದೆ. ಆಮೇಲೆ ನಂಬಿದೆ.

ಸೈನಿಕರ ಮನೆಯ ತಾಯಂದಿರೇ, ಅಕ್ಕತಂಗಿಯರೇ, ಅನುಮಾನ ಪಡಬೇಡಿ ಎಂದು ನಾನು ಹೇಳುವುದಿಲ್ಲ. ನನ್ನ ಹುಟ್ಟುಗುಣವೇ ಅದು. ಆದರೆ ಅನುಮಾನ ಬಂದರೆ ಬಾಯಿ ಮೂಸಬೇಡಿ, ಬಾಯಿ ಬಿಟ್ಟು ಕೇಳಿ. ಅಣ್ಣಂದಿರೇ, ಬೋರ್ಡಿನ ದಿನ ನೀರು ಬಿಟ್ಟು ಹೋಗಬೇಡಿ. ಇರುವ ತೊಂದರೆಯನ್ನು ಇರುವ ಹಾಗೆ ಹೇಳಿ. ಗುಂಡಿಗೆ ಎದೆ ಕೊಟ್ಟವರು ನೀವು, ಒಬ್ಬ ಡಾಕ್ಟರ ಮುಂದೆ ಈ ಒಂದು ಮಾತು ಹೇಳಲಾರಿರಾ?